ಆಶ್ರಯಕ್ಕೆ ಬಂದ ನಾಯಿ: ಅದರ ಶುಶ್ರೂಷೆ ಮತ್ತು ಸ್ವಭಾವನಿರ್ಣಯ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲು ಕನ್ನಡ ಶಾಸನಗಳ ಅಭ್ಯಾಸಿಗಳಿಗೆಲ್ಲ ಪರಿಚಿತವಾದುದು. ಕ್ರಿ.ಶ. 949–50ರ ಆ ಶಾಸನದಲ್ಲಿ ಮಣಲೇರನೆಂಬ ವೀರನು, ಒಡೆಯನು ಮೆಚ್ಚಿ ವರವನ್ನು ಬೇಡೆಂದಾಗ, ಕಾಳಿಯೆಂಬ ಬೇಟೆನಾಯಿಯನ್ನು ಕೇಳಿ ಪಡೆದ ಸಂಗತಿಯಿದೆ. ಆ ನಾಯಿ ದೊಡ್ಡದೊಂದು ಹಂದಿಯೊಡನೆ ಕಾದಿ ಎರಡೂ ಮಡಿದುವು. ನಾಯಿಯ ಸ್ಮರಣೆಗಾಗಿ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿಯಾಗಿ ಬಿಟ್ಟರು. ಕಾಳಿಯ ಯೋಗ್ಯತೆಯೇನೆಂಬುದು ಬೇಡಿದವನಿಗೂ ಕೊಟ್ಟವನಿಗೂ ಮೊದಲೇ ತಿಳಿದಿದ್ದಿರಬೇಕು. ಇಂದು ನಮ್ಮ ನಗರಗಳ ಬೀದಿಯಿಂದ ಎತ್ತಿ ತಂದ ನಾಯಿಯ ವಿಷಯದಲ್ಲಿ ಈ ಅನುಕೂಲವಿಲ್ಲ. ಅದಕ್ಕೆ ಹೆಸರಿಲ್ಲ; ವಯಸ್ಸು ಹಲ್ಲನ್ನು ನೋಡಿ ಊಹಿಸಿದ್ದು; ಪೂರ್ವವೃತ್ತಾಂತ ಯಾರಿಗೂ ತಿಳಿಯದು. ಹೀಗಿದ್ದರೂ ಕೆಲವೇ ದಿನಗಳಲ್ಲಿ ಯಾರಾದರೊಬ್ಬರು ಅದರ ವಿಷಯವಾಗಿ ಒಂದು ತೀರ್ಮಾನವನ್ನು ಹೇಳಬೇಕಾಗುತ್ತದೆ: ಇದನ್ನು ಮನೆಗೆ ಕಳುಹಿಸಬಹುದೆ, ಕೂಡದೆ? ಕಳುಹಿಸುವುದಾದರೆ ಎಂಥ ಮನೆಗೆ?

ಕಾಯಂ ಒಡೆಯರು ದೊರೆಯುವವರೆಗೆ ನಾಯಿಯನ್ನು ತಮ್ಮಲ್ಲಿಟ್ಟುಕೊಂಡು ಸಾಕಲು ಒಪ್ಪಿದ ಮನೆಯನ್ನು ಈ ಲೇಖನದಲ್ಲಿ ‘ಪೋಷಕಗೃಹ’ವೆಂದು ಕರೆದಿದೆ. ನಾಯಿಯನ್ನು ಅಲ್ಲಿಗೆ ಕಳುಹಿಸುವ ಮುನ್ನ ನಡೆಯಬೇಕಾದ ಶುಶ್ರೂಷೆ ಯಾವುದು, ಅದರ ಸ್ವಭಾವವನ್ನು ಎಷ್ಟರಮಟ್ಟಿಗೆ ಮತ್ತು ಯಾವ ಕ್ರಮದಿಂದ ತಿಳಿಯಬಹುದು ಎಂಬುದನ್ನು ವಿಚಾರ ಮಾಡುವುದೇ ಇಲ್ಲಿಯ ಉದ್ದೇಶ.

ವಿಷಯವು ಮೇಲುನೋಟಕ್ಕೆ ಸಣ್ಣದಾಗಿ ಕಂಡರೂ ಅದರಲ್ಲಿ ಎರಡು ಬಗೆಯ ಅಪಾಯಗಳು ಅಡಗಿವೆ. ಅಪಾಯಕಾರಿಯಾದ ನಾಯಿಯನ್ನು ಸಾಧುವೆಂದು ತಿಳಿದು ಕಳುಹಿಸಿದರೆ ಮನೆಯ ಮಗುವಿಗೆ ಗಾಯವಾಗಬಹುದು. ಸಾಧುವಾದ ನಾಯಿಯನ್ನು ದುಷ್ಟವೆಂದು ತಿಳಿದರೆ ಅದು ತನ್ನ ಆಯುಷ್ಯವನ್ನು ಬೋನಿನಲ್ಲಿ ಕಳೆಯಬೇಕಾಗಬಹುದು. ಮಹಾಭಾರತದ ಆದಿಪರ್ವದಲ್ಲಿ ಬರುವ ಸರಮೆಯ ಕಥೆ ಈ ಎರಡನೆಯ ತಪ್ಪನ್ನು ಕುರಿತದ್ದೇ ಆಗಿದೆ. ಹವಿಸ್ಸನ್ನು ನೆಕ್ಕದೆ, ಅದರತ್ತ ನೋಡಲೂ ನೋಡದೆ ಇದ್ದ ಸರಮೆಯ ಮರಿಯನ್ನು ಜನಮೇಜಯನ ತಮ್ಮಂದಿರು ಯಾಗಶಾಲೆಯಲ್ಲಿ ಹೊಡೆದರು. ನಿರಪರಾಧಿಯನ್ನೇಕೆ ಹೊಡೆದಿರೆಂದು ತಾಯಿ ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ನಾಯಿಯ ಬಗ್ಗೆ ತೀರ್ಪು ಕೊಡುವವರು ಕಾರಣವನ್ನೂ ಕೊಡಲು ಸಮರ್ಥರಾಗಿರಬೇಕು.

ಈ ಲೇಖನದ ಮುಖ್ಯ ಪ್ರತಿಪಾದನೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಂದ ಮೊದಲ ದಿನಗಳಲ್ಲಿ ನಾಯಿಯಲ್ಲಿ ಕಾಣುವುದು ಬಹುಮಟ್ಟಿಗೆ ಅದರ ಅಂದಿನ ಸ್ಥಿತಿ. ಅದನ್ನು ಸ್ವಭಾವವೆಂದು ಭಾವಿಸಬಾರದು. ಸ್ಥಿತಿಯು ಶುಶ್ರೂಷೆಯಿಂದ ಸುಧಾರಿಸಿದ ಹಾಗೆಲ್ಲ ಸ್ವಭಾವವು ಹೊರಬೀಳುತ್ತದೆ. ಆದಕಾರಣ ಶುಶ್ರೂಷೆ ಬೇರೆ, ಪರೀಕ್ಷೆ ಬೇರೆ ಎಂದು ತಿಳಿಯದೆ, ಮೊದಲನೆಯದು ಎರಡನೆಯದಕ್ಕೆ ತಳಹದಿಯೆಂದು ತಿಳಿಯಬೇಕು.

1. ನಮ್ಮ ಬೀದಿಯ ನಾಯಿ

ಪಾಶ್ಚಾತ್ಯ ದೇಶಗಳ ಆಶ್ರಯಗಳಿಗೆ ಬರುವ ನಾಯಿಗಳಲ್ಲಿ ಅನೇಕವು ಯಾರೋ ಸಾಕಿ ಬಿಟ್ಟವು ಅಥವಾ ಮನೆತಪ್ಪಿ ಬಂದವು. ನಮ್ಮಲ್ಲಿ ಆಶ್ರಯಕ್ಕೆ ಬರುವವುಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಮನೆಯಲ್ಲಿ ಬೆಳೆದು ಒಡೆಯರಿಂದ ತ್ಯಕ್ತವಾದವು. ಬೀದಿಯಲ್ಲಿ ಹುಟ್ಟಿದರೂ ಹೋಟೆಲಿನವರು, ಕಾವಲುಗಾರರು, ನೆರೆಹೊರೆಯವರು ಹಾಕಿದ ಅನ್ನವನ್ನುಂಡು ಮನುಷ್ಯನ ಕೈಗೆ ಒಗ್ಗಿದವು. ಮನುಷ್ಯರ ಬಳಿಯೇ ಇದ್ದರೂ ಅವರ ಸ್ಪರ್ಶವನ್ನು ಎಂದೂ ಅರಿಯದವು. ಮೂರನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ಸಾಧುವಲ್ಲ.

ಈ ಭೇದಕ್ಕೆ ಕಾರಣವು ಮರಿತನದಲ್ಲಿದೆ. 1961ರಲ್ಲಿ ಅಮೆರಿಕದ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬ ವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಎತ್ತರವಾದ ಬೇಲಿಯ ಬಯಲಿನಲ್ಲಿ ಮನುಷ್ಯಸಂಪರ್ಕವಿಲ್ಲದೆ ಬೆಳೆಸಿದ ಮರಿಗಳನ್ನು ಬೇರೆಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮಾತ್ರ ಮನುಷ್ಯರೊಡನೆ ಇರಿಸಲಾಯಿತು. 14ನೆಯ ವಾರದವರೆಗೂ ಮನುಷ್ಯರ ಒಡನಾಟವೇ ಇಲ್ಲದೆ ಉಳಿದ ಮರಿಗಳು ಆಮೇಲೆ ಎಷ್ಟು ಆರೈಕೆ ಮಾಡಿದರೂ ಕಾಡುಪ್ರಾಣಿಗಳಂತೆ ಹೆದರಿ ದೂರ ಸರಿಯುತ್ತಿದ್ದುವು. ಸ್ಕಾಟ್ ಮತ್ತು ಫುಲರ್ ಎಂಬವರು 1965ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥವು ಇದೇ ಅಭಿಪ್ರಾಯವನ್ನು ವಿಸ್ತರಿಸಿ, ಸುಮಾರು 3ರಿಂದ 12 ವಾರಗಳ ಅವಧಿಯೇ ನಾಯಿಯು ಯಾರನ್ನು ತನ್ನವರೆಂದು ಬಗೆಯಬೇಕೆಂಬುದನ್ನು ಕಲಿಯುವ ಕಾಲವೆಂದು ತೋರಿಸಿತು. ಬೆಳೆದ ನಾಯಿಯು ಮನುಷ್ಯನ ಕೈಯನ್ನು ಕಂಡು ಮುದುರಿಕೊಂಡರೆ ಅದನ್ನು ಯಾರೋ ಹೊಡೆದಿರಬೇಕೆಂದು ನಾವು ಮರುಗುತ್ತೇವೆ. ಹೊಡೆದಿರಲೂಬಹುದು, ಆದರೆ ಎಳೆಯ ವಯಸ್ಸಿನಲ್ಲಿ ಯಾರೂ ಮುಟ್ಟದೆ ಇದ್ದುದರಿಂದಲೂ ಅದೇ ಫಲವು ಒದಗುತ್ತದೆ.

2. ಮೊದಲ ದಿನ: ದೇಹದ ಪರೀಕ್ಷೆ

ನಾಯಿಯನ್ನು ತಂದ ಕೂಡಲೇ ಮೀಯಿಸುವುದು, ಮಕ್ಕಳಿಗೆ ತೋರಿಸುವುದು, ಹತ್ತು ಜನ ಸುತ್ತ ನಿಂತು ನೋಡುವುದು ನಮ್ಮಲ್ಲಿ ರೂಢಿಯಾಗಿದೆ. ಈ ಮೂರನ್ನೂ ಬಿಡಬೇಕು. ಮೊದಲು ಬೇಕಾದದ್ದು ಗಾಳಿಬೆಳಕಿನ, ಸದ್ದಿಲ್ಲದ ಒಂದು ಕೊಠಡಿ. ಅದರ ಮೂಲೆಯಲ್ಲಿ ಮೈಮರೆಸಿ ಮಲಗಲು ಒಂದು ಪೆಟ್ಟಿಗೆ ಅಥವಾ ಬಟ್ಟೆ ಹೊದಿಸಿದ ಬೋನು. ಒಂದು ಬೋಗುಣಿ ನೀರು. ಒಳಬರುವವನು ಒಬ್ಬನೇ ಆಗಿರಬೇಕು. ನೇರವಾಗಿ ಕಣ್ಣಿನಲ್ಲಿ ಕಣ್ಣಿಟ್ಟು ನೋಡದೆ, ಮೇಲಿನಿಂದ ಬಾಗದೆ, ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳಬೇಕು. ಕೊಠಡಿಯ ಬಾಗಿಲಿಗೆ ಹೊರಗಡೆ ಇನ್ನೊಂದು ತಡೆಯಿದ್ದರೆ ಒಳ್ಳೆಯದು. ಹೊಸ ನಾಯಿಗಳು ಕೈತಪ್ಪಿ ಓಡುವುದು ಬಾಗಿಲು ತೆರೆದ ಆ ಕ್ಷಣದಲ್ಲಿಯೇ.

ಆಹಾರದ ವಿಷಯದಲ್ಲಿ ಅನುಕಂಪವೇ ಅಪಾಯವಾಗಬಹುದು. ಬಹುದಿನ ಉಪವಾಸವಿದ್ದು ಎಲುಬುಗೂಡಾದ ನಾಯಿಗೆ ಹೊಟ್ಟೆತುಂಬ ಅನ್ನವನ್ನು ಒಮ್ಮೆಗೇ ಇಟ್ಟರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಮೊದಲಾದ ಲವಣಗಳ ಪ್ರಮಾಣವು ಥಟ್ಟನೆ ಕುಸಿದು ಪ್ರಾಣಕ್ಕೆ ಕುತ್ತು ಬರುವುದುಂಟು. ಅಂಥ ನಾಯಿಗೆ ಪಶುವೈದ್ಯರು ಗೊತ್ತುಮಾಡಿದ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಹಲವು ಬಾರಿ ಕೊಟ್ಟು ಹಲವು ದಿನಗಳಲ್ಲಿ ಪೂರ್ಣ ಪ್ರಮಾಣಕ್ಕೆ ತರಬೇಕು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ಇವು ನಾಯಿಗೆ ವಿಷಪ್ರಾಯ. ಮನುಷ್ಯರ ನೋವಿನ ಮಾತ್ರೆಗಳನ್ನು ಎಂದಿಗೂ ಕೊಡಕೂಡದು.

ಪರೀಕ್ಷೆಯು ದೂರದಿಂದ ಆರಂಭವಾಗಲಿ. ನಾಯಿಯು ಹೇಗೆ ನಿಲ್ಲುತ್ತದೆ, ಯಾವ ಕಾಲಿನ ಮೇಲೆ ಭಾರ ಹಾಕುವುದಿಲ್ಲ, ಉಸಿರಾಟ ಹೇಗಿದೆ, ಮೂಗಿನಲ್ಲಿ ಕಣ್ಣಿನಲ್ಲಿ ಸ್ರಾವವಿದೆಯೆ, ನುಂಗಲು ಕಷ್ಟಪಡುತ್ತದೆಯೆ ಎಂಬುದನ್ನು ಮುಟ್ಟದೆಯೇ ತಿಳಿಯಬಹುದು. ಮುಟ್ಟಲು ಬಿಟ್ಟರೆ ತೂಕ, ಶರೀರದ ಉಷ್ಣ, ವಸಡಿನ ಬಣ್ಣ ಇವನ್ನು ನೋಡಬೇಕು. ಆರೋಗ್ಯವಂತ ನಾಯಿಯ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮಗಿಂತ ಹೆಚ್ಚು. ಇದನ್ನು ತಿಳಿಯದವರು ಜ್ವರವೆಂದು ಭ್ರಮಿಸುತ್ತಾರೆ. ವಸಡು ನಸುಗೆಂಪಾಗಿದ್ದು, ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪೇರಬೇಕು. ಬಿಳಿಚಿಕೊಂಡ ವಸಡು ರಕ್ತಹೀನತೆಯ ಗುರುತು. ನಮ್ಮ ಬೀದಿನಾಯಿಗಳಲ್ಲಿ ಇದಕ್ಕೆ ಉಣ್ಣೆಗಳಿಂದ ಹರಡುವ ಎರ್ಲಿಕಿಯ, ಬಬೇಸಿಯ ರೋಗಗಳೂ ಹೊಟ್ಟೆಯ ಕೊಕ್ಕೆಹುಳುಗಳೂ ಸಾಮಾನ್ಯ ಕಾರಣಗಳು. ಭುಜದ ಮೇಲಿನ ಚರ್ಮವನ್ನು ಹಿಡಿದೆತ್ತಿ ಬಿಟ್ಟಾಗ ಅದು ನಿಧಾನವಾಗಿ ಇಳಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆಯೆಂದು ಊಹಿಸಬಹುದು.

ದೇಹಪರೀಕ್ಷೆಗೂ ಸ್ವಭಾವಪರೀಕ್ಷೆಗೂ ಇರುವ ಸಂಬಂಧವನ್ನು ಇಲ್ಲಿ ಒತ್ತಿ ಹೇಳಬೇಕು. ಕಿವಿಯಲ್ಲಿ ಹುಣ್ಣಿರುವ ನಾಯಿಯು ತಲೆ ಸವರಲು ಹೋದವರನ್ನು ಕಚ್ಚಬಹುದು. ಸೊಂಟದ ಎಲುಬು ಬಿರಿದಿರುವುದು ಹಿಂದಿನಿಂದ ಮುಟ್ಟಿದವರತ್ತ ತಿರುಗಿ ಬೀಳಬಹುದು. ಇದು ನೋವಿನ ಭಾಷೆ. ನೋವಿಗೆ ಚಿಕಿತ್ಸೆಯಾಗುವ ಮೊದಲು ‘ಕಚ್ಚುವ ನಾಯಿ’ ಎಂದು ಬರೆದಿಟ್ಟರೆ ಆ ಬರವಣಿಗೆಯು ಹುಣ್ಣು ಮಾಯ್ದ ಮೇಲೂ ಉಳಿಯುತ್ತದೆ.

3. ರೇಬೀಸ್ ಮತ್ತು ಪ್ರತ್ಯೇಕವಾಸ

ಭಾರತದಲ್ಲಿ ನಾಯಿಯನ್ನು ಕುರಿತ ಯಾವ ವಿಚಾರವೂ ರೇಬೀಸನ್ನು ಬಿಟ್ಟು ಪೂರ್ಣವಾಗದು. ಸೋಂಕು ತಗಲಿದ ನಾಯಿಯಲ್ಲಿ ರೋಗವು ಪ್ರಕಟವಾಗಲು ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳುಗಳು ಹಿಡಿಯುತ್ತವೆ. ಆ ಅವಧಿಯಲ್ಲಿ ಅದು ಆರೋಗ್ಯವಾಗಿಯೇ ಕಾಣುತ್ತದೆ. ಸೋಂಕು ತಗಲಿದ ಮೇಲೆ ಹಾಕಿದ ಒಂದು ಲಸಿಕೆಯು ಅದನ್ನು ಖಂಡಿತವಾಗಿ ಕಾಪಾಡುತ್ತದೆಂದು ನಂಬುವ ಹಾಗಿಲ್ಲ. ವಿಷಾಣುವು ಜೊಲ್ಲಿನಲ್ಲಿ ಕಾಣಿಸಿಕೊಳ್ಳುವುದು ರೋಗಲಕ್ಷಣಗಳಿಗೆ ಕೆಲವೇ ದಿನ ಮುಂಚೆ. ಕಚ್ಚಿದ ನಾಯಿಯನ್ನು 10 ದಿನ ಕಾದು ನೋಡುವ ಪದ್ಧತಿಗೆ ಇದೇ ಆಧಾರ. ಹತ್ತು ದಿನ ಬದುಕಿ ಆರೋಗ್ಯವಾಗಿದ್ದ ನಾಯಿಯು ಕಚ್ಚಿದ ದಿನ ರೋಗವನ್ನು ಹರಡುವ ಸ್ಥಿತಿಯಲ್ಲಿರಲಿಲ್ಲವೆಂದು ಇದರಿಂದ ತಿಳಿಯುತ್ತದೆ. ಅದರ ಮೈಯಲ್ಲಿ ಸೋಂಕು ಇಲ್ಲವೇ ಇಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಈ ಎರಡು ಮಾತುಗಳ ನಡುವಣ ಅಂತರವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಆದುದರಿಂದ ಬೇರೆ ಪ್ರಾಣಿ ಕಚ್ಚಿದ ಗಾಯವಿರುವ ನಾಯಿಯನ್ನು ಪೋಷಕಗೃಹಕ್ಕೆ ಕಳುಹಿಸುವ ಕಾಲವನ್ನು ಪಶುವೈದ್ಯರೇ ನಿರ್ಣಯಿಸಬೇಕು.

ಹುಚ್ಚುನಾಯಿಯೆಂದರೆ ನೊರೆ ಸುರಿಸುತ್ತ ಸಿಕ್ಕಸಿಕ್ಕವರನ್ನು ಕಚ್ಚುವುದೆಂಬ ಚಿತ್ರ ನಮ್ಮೆಲ್ಲರ ಮನಸ್ಸಿನಲ್ಲಿದೆ. ರೋಗದ ಇನ್ನೊಂದು ರೂಪವಾದ ಪಾರ್ಶ್ವವಾಯುವಿನ ಬಗೆಯಲ್ಲಿ ನಾಯಿಯು ಮಂಕಾಗಿ ಮೂಲೆ ಸೇರುತ್ತದೆ. ಕೆಳದವಡೆ ಜೋತು ಬೀಳುತ್ತದೆ. ಗಂಟಲಿನಲ್ಲಿ ಮೂಳೆ ಸಿಕ್ಕಿದಂತೆ ತೋರುತ್ತದೆ. ಮೂಳೆಯನ್ನು ತೆಗೆಯಲು ಬಾಯಿಗೆ ಕೈಹಾಕಿದವರೇ ಅಪಾಯಕ್ಕೆ ಗುರಿಯಾಗುತ್ತಾರೆ. ಮನುಷ್ಯರಲ್ಲಿ ಕಾಣುವ ನೀರಿನ ಭಯವು ನಾಯಿಗಳಲ್ಲಿ ಲಕ್ಷಣವೇ ಅಲ್ಲವಾದುದರಿಂದ, ನೀರು ಕುಡಿಯಿತೆಂಬ ಕಾರಣದಿಂದ ನಿಶ್ಚಿಂತರಾಗುವಂತಿಲ್ಲ. ನಾಯಿ ಕಚ್ಚಿದರೆ, ಪರಚಿದರೆ, ತೆರೆದ ಗಾಯವನ್ನು ನೆಕ್ಕಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾಯಿಯನ್ನು ಕಾದುನೋಡುವ ನೆಪದಲ್ಲಿ ಚಿಕಿತ್ಸೆಯನ್ನು ಮುಂದೂಡಬಾರದು. ನಿತ್ಯವೂ ಇಂಥ ನಾಯಿಗಳೊಡನೆ ಕೆಲಸಮಾಡುವವರು ಮುಂಚೆಯೇ ಲಸಿಕೆ ಹಾಕಿಸಿಕೊಂಡಿರಬೇಕು. ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಮೊದಲನೆಯ ದಿನ ಒಂದು, ಏಳನೆಯ ದಿನ ಇನ್ನೊಂದು, ಹೀಗೆ ಎರಡು ಭೇಟಿಗಳ ಕ್ರಮವನ್ನು ಸೂಚಿಸಿತು.

ರೇಬೀಸ್ ಅಲ್ಲದೆ ಡಿಸ್ಟೆಂಪರ್ ಮತ್ತು ಪಾರ್ವೋ ಎಂಬ ಎರಡು ಸಾಂಕ್ರಾಮಿಕಗಳು ಇತರ ನಾಯಿಗಳಿಗೆ ಹರಡುವ ಭಯವಿದೆ. 1978ರಲ್ಲಿ ಪ್ರಪಂಚಕ್ಕೆ ಹೊಸದಾಗಿ ಪರಿಚಯವಾದ ಪಾರ್ವೋ ವಿಷಾಣುವು ನೆಲದ ಮೇಲೆ ತಿಂಗಳುಗಟ್ಟಲೆ ಜೀವಂತವಾಗಿರಬಲ್ಲದು. ಬಿಳಿಚುವ ಪುಡಿಯ ದ್ರಾವಣವು ಅದನ್ನು ಕೊಲ್ಲುತ್ತದೆ. ಸಾಮಾನ್ಯ ಸಾಬೂನು ಕೊಲ್ಲುವುದಿಲ್ಲ. ಹೊಸ ನಾಯಿಯನ್ನು ಸುಮಾರು 14 ದಿನ ಬೇರೆ ನಾಯಿಗಳಿಂದ ಪ್ರತ್ಯೇಕವಾಗಿಡಬೇಕೆಂಬ ನಿಯಮಕ್ಕೆ ಈ ರೋಗಗಳೇ ಕಾರಣ. ಮರಿಗಳ ವಿಷಯದಲ್ಲಿ ಮಾತ್ರ ಈ ನಿಯಮವು ಧರ್ಮಸಂಕಟವನ್ನು ತರುತ್ತದೆ. ಹಿಂದೆ ಹೇಳಿದ 3ರಿಂದ 12 ವಾರಗಳ ಅಮೂಲ್ಯ ಕಾಲದಲ್ಲಿ ಎರಡು ವಾರವನ್ನು ಏಕಾಂತದಲ್ಲಿ ಕಳೆದರೆ ಮುಂದೆ ತುಂಬಿಬಾರದ ನಷ್ಟವಾಗುತ್ತದೆ. ಇದಕ್ಕೆ ಪರಿಹಾರವೆಂದರೆ, ಮರಿಯನ್ನು ನಾಯಿಗಳಿಂದ ದೂರವಿಟ್ಟು ಮನುಷ್ಯರಿಂದ ದೂರವಿಡದಿರುವುದು. ಕೈಕಾಲು ತೊಳೆದು ಬೇರೆ ಬಟ್ಟೆ ತೊಟ್ಟ ನಾಲ್ಕಾರು ಜನರು ದಿನವೂ ಅದನ್ನು ಮೃದುವಾಗಿ ಎತ್ತಿ ಆಡಿಸಬೇಕು.

4. ಭಯದ ದಿನಗಳು

1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡ್ ನಗರದಲ್ಲಿ ಬಂದ ನೆರೆಯು ಪಾವ್ಲಾವ್‌ನ ಪ್ರಯೋಗಶಾಲೆಯ ನಾಯಿಮನೆಗಳಿಗೆ ನುಗ್ಗಿತು. ಮುಳುಗುತ್ತಿದ್ದ ನಾಯಿಗಳನ್ನು ಬಹು ಕಷ್ಟದಿಂದ ಹೊರತೆಗೆದು ಉಳಿಸಿದರು. ಆದರೆ ಅವುಗಳಲ್ಲಿ ಕೆಲವು, ಹಿಂದೆ ಚೆನ್ನಾಗಿ ಕಲಿತಿದ್ದ ಅಭ್ಯಸ್ತ ಪ್ರತಿಕ್ರಿಯೆಗಳನ್ನು ಕಳೆದುಕೊಂಡುವು. ಚೇತರಿಸಿಕೊಳ್ಳಲು ವಾರಗಳು ಬೇಕಾದುವು. ಚೇತರಿಸಿಕೊಂಡ ಒಂದು ನಾಯಿಯ ಕೊಠಡಿಗೆ ಬಾಗಿಲ ಕೆಳಗಿನಿಂದ ಸ್ವಲ್ಪ ನೀರನ್ನು ಹರಿಯಬಿಟ್ಟಾಗ ಅದು ಮತ್ತೆ ಹಿಂದಿನ ದುಃಸ್ಥಿತಿಗೆ ಮರಳಿತು. ತಾವು ಪಳಗಿಸಿದ, ತಮಗೆ ಸಂಪೂರ್ಣವಾಗಿ ಗೊತ್ತಿದ್ದ ನಾಯಿಯನ್ನೇ ವಿಜ್ಞಾನಿಗಳು ವಾರಗಟ್ಟಲೆ ಗುರುತಿಸಲಾರದೆ ಹೋದರೆಂದ ಮೇಲೆ, ನಿನ್ನೆ ಬಲೆ ಹಾಕಿ ಹಿಡಿದ ನಾಯಿಯನ್ನು ಇಂದು ನೋಡಿ ತಿಳಿದೆವೆನ್ನುವುದು ಹೇಗೆ?

ದೇಹದ ರಸಾಯನವೂ ಇದನ್ನೇ ಹೇಳುತ್ತದೆ. ಒಹಾಯೋ ಪ್ರಾಂತದ ಆಶ್ರಯವೊಂದರ ನಾಯಿಗಳನ್ನು ಕುರಿತು ಹೆನ್ನೆಸ್ಸಿ ಮತ್ತು ಅವರ ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒತ್ತಡದ ಕಾಲದಲ್ಲಿ ರಕ್ತದಲ್ಲಿ ಏರುವ ಕಾರ್ಟಿಸಾಲ್ ಎಂಬ ರಸದ ಪ್ರಮಾಣವು ಮೊದಲ ಮೂರು ದಿನಗಳಲ್ಲಿ ಮನೆಯ ನಾಯಿಗಳಲ್ಲಿರುವುದಕ್ಕಿಂತಲೂ, ಅದೇ ಆಶ್ರಯದಲ್ಲಿ ಒಂಬತ್ತು ದಿನಗಳಿಗಿಂತ ಹೆಚ್ಚು ಕಾಲ ಇದ್ದ ನಾಯಿಗಳಲ್ಲಿರುವುದಕ್ಕಿಂತಲೂ ಬಹಳ ಹೆಚ್ಚಾಗಿದ್ದುದು ಕಂಡುಬಂದಿತು.

ಈ ದಿನಗಳಲ್ಲಿ ನೋಡುವವರನ್ನು ಮೋಸಗೊಳಿಸುವ ಸ್ಥಿತಿಯೆಂದರೆ ಜಡತೆ. ಕೆಲವು ನಾಯಿಗಳು ಭಯದಿಂದ ಬೊಗಳುತ್ತವೆ. ಕೆಲವು ಕಲ್ಲಿನಂತೆ ಸುಮ್ಮನಾಗುತ್ತವೆ. ಸುಮ್ಮನಿರುವ ನಾಯಿಯನ್ನು ಎತ್ತಬಹುದು, ಚುಚ್ಚಬಹುದು, ಮಗುವಿನ ಪಕ್ಕದಲ್ಲಿ ಕೂರಿಸಬಹುದು. ನೋಡಿದವರು ‘ಎಷ್ಟು ಸಾಧು!’ ಎನ್ನುತ್ತಾರೆ. ವಾರ ಕಳೆದು ಜಡತೆ ಕರಗಿದಾಗ ಅದು ಮೊದಲ ಬಾರಿಗೆ ಗುರುಗುಟ್ಟುತ್ತದೆ. ನಾಯಿ ಕೆಟ್ಟುಹೋಯಿತೆಂದು ಜನ ತಿಳಿಯುತ್ತಾರೆ. ವಾಸ್ತವವಾಗಿ ಅದು ಆಗತಾನೆ ಮಾತನಾಡಲು ಆರಂಭಿಸಿರುತ್ತದೆ. ಸಾಧುತನಕ್ಕೂ ಜಡತೆಗೂ ಇರುವ ಭೇದವನ್ನು ಸೂಕ್ಷ್ಮ ಚಿಹ್ನೆಗಳಿಂದ ಗುರುತಿಸಬಹುದು. ನಿರಾಳವಾದ ನಾಯಿಯ ಮೈ ಸಡಿಲವಾಗಿರುತ್ತದೆ, ಕಣ್ಣು ಅತ್ತಿತ್ತ ಆಡುತ್ತದೆ, ಕೊಟ್ಟ ತಿಂಡಿಯನ್ನು ತಿನ್ನುತ್ತದೆ. ಹೆದರಿದ ನಾಯಿಯ ಬಾಲ ಹೊಟ್ಟೆಗೆ ಅಂಟಿರುತ್ತದೆ, ಕಿವಿ ಹಿಂದಕ್ಕೆ ಮಡಿಸಿರುತ್ತದೆ, ಕಣ್ಣಿನ ಬಿಳುಪು ಓರೆಯಾಗಿ ಕಾಣುತ್ತದೆ. ನಿದ್ರೆಯಿಲ್ಲದೆ ಆಕಳಿಸುವುದು, ಆಹಾರವಿಲ್ಲದೆ ತುಟಿ ನೆಕ್ಕುವುದು, ಸೆಕೆಯಿಲ್ಲದೆ ತೇಕುವುದು ಇವು ಕೂಡ ಅದೇ ಕಥೆಯನ್ನು ಹೇಳುತ್ತವೆ.

ಈ ಕಾಲದ ಶುಶ್ರೂಷೆಗೆ ಔಷಧಕ್ಕಿಂತ ನಿಯತಕ್ರಮವು ಮುಖ್ಯ. ಅದೇ ಹೊತ್ತಿಗೆ ಊಟ, ಅದೇ ದಾರಿಯಲ್ಲಿ ಮಲಮೂತ್ರವಿಸರ್ಜನೆಗೆ ಹೊರಡುವುದು, ಅದೇ ಮನುಷ್ಯನ ಅದೇ ಮಾತು. ಬೀದಿಯಲ್ಲಿ ಬೆಳೆದ ನಾಯಿಗೆ ನಮ್ಮ ಮನೆಯು ವಿಚಿತ್ರ ವಸ್ತುಗಳ ಪ್ರದರ್ಶನಶಾಲೆ. ತಲೆಯ ಮೇಲೆ ತಿರುಗುವ ಪಂಖ, ಜಾರುವ ನೆಲ, ಕುಕ್ಕರಿನ ಸೀಟಿ, ಮಹಡಿಯ ಮೆಟ್ಟಿಲು, ಕೊರಳಿನ ಪಟ್ಟಿ ಇವೆಲ್ಲ ಅದಕ್ಕೆ ಹೊಸವು. ಒಂದೊಂದನ್ನೇ ಪರಿಚಯಿಸಿ, ಪ್ರತಿಯೊಂದರ ಜೊತೆಗೂ ರುಚಿಯಾದದ್ದನ್ನು ಕೊಡುತ್ತ ಹೋಗಬೇಕು. ದೀಪಾವಳಿಯ ಆಸುಪಾಸಿನಲ್ಲಿ ಬಂದ ನಾಯಿಯ ಪರೀಕ್ಷೆಯನ್ನು ಪಟಾಕಿಯ ಸದ್ದು ಅಡಗುವವರೆಗೆ ಮುಂದೂಡುವುದೇ ಲೇಸು.

5. ಒಂದೇ ಪರೀಕ್ಷೆಯ ಮಿತಿ

ನಾಯಿಗಳ ಸ್ವಭಾವವನ್ನು ಅಳೆಯಲು ಹಲವು ದೇಶಗಳಲ್ಲಿ ಸಿದ್ಧ ಪರೀಕ್ಷೆಗಳು ಬಳಕೆಗೆ ಬಂದುವು. ಅವುಗಳಲ್ಲಿ ಪ್ರಸಿದ್ಧವಾದದ್ದು, ಉಣ್ಣುತ್ತಿರುವ ನಾಯಿಯ ತಟ್ಟೆಗೆ ಕೋಲಿಗೆ ಕಟ್ಟಿದ ಕೃತಕ ಕೈಯನ್ನು ಚಾಚಿ ಅದರ ಪ್ರತಿಕ್ರಿಯೆಯನ್ನು ನೋಡುವುದು. ಮಾರ್ಡರ್ ಮತ್ತು ಸಂಗಡಿಗರು 2013ರಲ್ಲಿ ಇಂಥ ಪರೀಕ್ಷೆಗೆ ಒಳಗಾದ 97 ನಾಯಿಗಳನ್ನು ಹೊಸ ಮನೆಗಳವರೆಗೆ ಹಿಂಬಾಲಿಸಿದ ಫಲಿತಾಂಶವನ್ನು ಪ್ರಕಟಿಸಿದರು. ಆಶ್ರಯದಲ್ಲಿ ಊಟದ ಸಿಡುಕನ್ನು ತೋರಿದ್ದವು 20. ಅವುಗಳಲ್ಲಿ ಮನೆಯಲ್ಲಿಯೂ ಸಿಡುಕಿದವು 11 ಮಾತ್ರ. ಪರೀಕ್ಷೆಯಲ್ಲಿ ಸುಮ್ಮನಿದ್ದ 77 ನಾಯಿಗಳಲ್ಲಿ 17 ಮನೆಗೆ ಹೋದ ಮೇಲೆ ಸಿಡುಕಿದುವು. 2016ರಲ್ಲಿ ಪ್ಯಾಟ್ರೊನೆಕ್ ಮತ್ತು ಬ್ರಾಡ್ಲಿ ಎಂಬವರು ಇಂಥ ಪರೀಕ್ಷೆಗಳ ವಿಶ್ವಾಸಾರ್ಹತೆಯನ್ನು ಗಣಿತರೀತ್ಯಾ ವಿಮರ್ಶಿಸಿ, ಅವು ನಾಣ್ಯವನ್ನು ಚಿಮ್ಮಿ ನಿರ್ಧರಿಸುವುದಕ್ಕಿಂತ ಮೇಲಲ್ಲವೆಂದು ವಾದಿಸಿದರು.

ಈ ವಾದದ ತಿರುಳನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. 100 ನಾಯಿಗಳಲ್ಲಿ ನಿಜವಾಗಿ ಅಪಾಯಕಾರಿಯಾದವು 10 ಎಂದಿಟ್ಟುಕೊಳ್ಳೋಣ. ನಮ್ಮ ಪರೀಕ್ಷೆಯು ಅಪಾಯಕಾರಿಯಾದ ನಾಯಿಗಳನ್ನೂ ಸಾಧುವಾದವುಗಳನ್ನೂ ನೂರಕ್ಕೆ 80ರಷ್ಟು ಸರಿಯಾಗಿ ಗುರುತಿಸಬಲ್ಲದೆಂದು ಭಾವಿಸೋಣ. ಆಗ 10ರಲ್ಲಿ 8 ಸಿಕ್ಕಿಬೀಳುತ್ತವೆ, 2 ತಪ್ಪಿಸಿಕೊಳ್ಳುತ್ತವೆ. ಉಳಿದ 90 ಸಾಧುಗಳಲ್ಲಿ ನೂರಕ್ಕೆ 20ರಂತೆ 18 ನಾಯಿಗಳು ತಪ್ಪಾಗಿ ದುಷ್ಟವೆನಿಸಿಕೊಳ್ಳುತ್ತವೆ. ಹಾಗಾದರೆ ಪರೀಕ್ಷೆಯು ದುಷ್ಟವೆಂದ 26 ನಾಯಿಗಳಲ್ಲಿ ಹಾಗೆನ್ನಲು ತಕ್ಕವು ಕೇವಲ 8, ಅಂದರೆ ಮೂರರಲ್ಲಿ ಒಂದಕ್ಕಿಂತ ಕಡಿಮೆ. ದೋಷವು ಅಪರೂಪವಾದಷ್ಟೂ ಒಂದು ಪರೀಕ್ಷೆಯ ಆರೋಪವು ಹೆಚ್ಚು ಸಂದೇಹಾಸ್ಪದವಾಗುತ್ತದೆ. ಇದು ನಾಯಿಗಳಿಗೆ ಮಾತ್ರ ಅನ್ವಯಿಸುವ ಸತ್ಯವಲ್ಲವೆಂಬುದನ್ನು ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ.

6. ವೀಕ್ಷಣೆಯ ಕ್ರಮ

ಹಾಗಾದರೆ ನಿರ್ಣಯವನ್ನೇ ಕೈಬಿಡಬೇಕೆ? ಬಿಡಬೇಕಾಗಿಲ್ಲ. ಒಂದು ದಿನದ ಕೃತಕ ಪರೀಕ್ಷೆಯ ಬದಲು ಹಲವು ದಿನಗಳ ಸಹಜ ವೀಕ್ಷಣೆಯನ್ನು ಅವಲಂಬಿಸಬೇಕು. ದಿನಚರಿಯಲ್ಲಿ ತಾನಾಗಿ ಒದಗುವ ಸಂದರ್ಭಗಳೇ ಸಾಕಷ್ಟಿವೆ: ಅಪರಿಚಿತರು ಬಂದಾಗ; ಹೆಲ್ಮೆಟ್ ತೊಟ್ಟವರನ್ನು, ಕೋಲು ಹಿಡಿದವರನ್ನು ಕಂಡಾಗ; ಮೈ ಒರೆಸುವಾಗ, ಪಾದ ಮುಟ್ಟುವಾಗ; ಊಟದ ಹೊತ್ತಿನಲ್ಲಿ ಜನರು ದೂರದಲ್ಲಿ ಹಾದುಹೋಗುವಾಗ; ಬೇರೆ ನಾಯಿ, ಬೆಕ್ಕು ಕಣ್ಣಿಗೆ ಬಿದ್ದಾಗ; ಪಾತ್ರೆ ಬಿದ್ದು ಸದ್ದಾದಾಗ; ಒಂಟಿಯಾಗಿ ಬಿಟ್ಟಾಗ. ಇವುಗಳನ್ನು ಮೂರನೆಯ, ಏಳನೆಯ, ಹದಿನಾಲ್ಕನೆಯ ದಿನಗಳಲ್ಲಿ ಬರೆದಿಟ್ಟು ಹೋಲಿಸಬೇಕು. ಕೆಣಕಿ ಕಚ್ಚಿಸಿಕೊಳ್ಳುವುದು ಪರೀಕ್ಷೆಯೆನಿಸದು. ಮಕ್ಕಳನ್ನು ಪರೀಕ್ಷಾಸಾಧನವಾಗಿ ಬಳಸಲಂತೂ ಕೂಡದು.

ಬರೆಯುವ ರೀತಿಗೆ ಮೂರು ನಿಯಮಗಳನ್ನು ಸೂಚಿಸಬಹುದು. ಮೊದಲನೆಯದು, ವಿಶೇಷಣಗಳನ್ನು ಬಿಟ್ಟು ಘಟನೆಯನ್ನು ಬರೆಯುವುದು. ‘ನಾಯಿ ಕೋಪಿಷ್ಠ’ ಎಂಬುದರಿಂದ ಪೋಷಕನಿಗೆ ಏನೂ ತಿಳಿಯುವುದಿಲ್ಲ. ‘ಊಟದ ತಟ್ಟೆಯಿಂದ ಮೂರಡಿ ದೂರದಲ್ಲಿ ನಿಂತಾಗ ತಿನ್ನುವುದನ್ನು ನಿಲ್ಲಿಸಿ ಮೈ ಬಿಗಿಹಿಡಿಯಿತು, ಆರಡಿಗೆ ಸರಿದಾಗ ಮತ್ತೆ ತಿನ್ನತೊಡಗಿತು’ ಎಂಬುದರಿಂದ ಅವನು ಎಲ್ಲಿ ನಿಲ್ಲಬೇಕೆಂಬುದು ತಿಳಿಯುತ್ತದೆ. ಎರಡನೆಯದು, ಹೆದರಿತೆ ಎಂಬುದರ ಜೊತೆಗೆ ಎಷ್ಟು ಹೊತ್ತಿಗೆ ಚೇತರಿಸಿಕೊಂಡಿತೆಂಬುದನ್ನೂ ಬರೆಯುವುದು. ಸದ್ದಿಗೆ ಬೆಚ್ಚುವುದು ಎಲ್ಲ ಪ್ರಾಣಿಗಳ ಧರ್ಮ. ಅರ್ಧ ನಿಮಿಷದಲ್ಲಿ ಸಮಾಧಾನಗೊಂಡು ಸದ್ದಿನ ಕಡೆಗೆ ಮೂಸುತ್ತ ಬರುವ ನಾಯಿಗೂ, ಅರ್ಧ ದಿನ ಪೆಟ್ಟಿಗೆಯಿಂದ ಹೊರಬಾರದ ನಾಯಿಗೂ ಬಹಳ ಅಂತರವಿದೆ. ಮೂರನೆಯದು, ಇಬ್ಬರು ವೀಕ್ಷಕರು ಒಬ್ಬರ ಬರಹವನ್ನು ಇನ್ನೊಬ್ಬರು ನೋಡದೆ ಬರೆಯುವುದು. ಇಬ್ಬರ ಮಾತೂ ಹೊಂದದಿದ್ದಲ್ಲಿ ವೀಕ್ಷಣೆಯನ್ನು ಮತ್ತೆ ನಡೆಸಬೇಕು. ಕಾಲೇಜುಗಳಲ್ಲಿ ವೀಕ್ಷಣವಿಧಾನವನ್ನು ಕಲಿಸುವ ಅಧ್ಯಾಪಕರಿಗೆ ಇದಕ್ಕಿಂತ ಸುಲಭವಾದ ಅಭ್ಯಾಸವು ದೊರೆಯುವುದು ಕಷ್ಟ. ಗೋಡೆಯ ಆಚೆ ಮಲಗಿರುವ ನಾಯಿಯನ್ನು ಕಿಟಕಿಯಿಂದ ನೋಡಿಯೂ ಇದನ್ನು ಕಲಿಯಬಹುದು.

ಗುರುಗುಟ್ಟುವುದನ್ನು ಕುರಿತು ಒಂದು ಮಾತು. ಅದು ಎಚ್ಚರಿಕೆ, ಎಚ್ಚರಿಕೆ ಕೊಡುವ ನಾಯಿಯು ಕಚ್ಚದಿರಲು ಇನ್ನೂ ಪ್ರಯತ್ನಿಸುತ್ತಿದೆಯೆಂದು ಅರ್ಥ. ಗುರುಗುಟ್ಟಿದ್ದಕ್ಕೆ ಹೊಡೆದರೆ ಅದು ಗುರುಗುಟ್ಟುವುದನ್ನು ಬಿಡಬಹುದು, ಭಯವನ್ನು ಬಿಡುವುದಿಲ್ಲ. ಮುಂದೆ ಅದು ಮುನ್ಸೂಚನೆಯಿಲ್ಲದೆ ಕಚ್ಚುತ್ತದೆ.

7. ಕಳುಹಿಸುವುದು ಎಲ್ಲಿಗೆ?

ವೀಕ್ಷಣೆಯ ಫಲವನ್ನು ಉತ್ತೀರ್ಣ, ಅನುತ್ತೀರ್ಣ ಎಂಬ ಎರಡು ಮಾತುಗಳಲ್ಲಿ ಹೇಳಲಾಗದು. ನಾಯಿಗೂ ಮನೆಗೂ ಹೊಂದಿಕೆಯನ್ನು ನೋಡಬೇಕು. ಊಟದ ಹೊತ್ತಿನಲ್ಲಿ ಸಿಡುಕುವ ನಾಯಿಯು ಇಬ್ಬರೇ ವಯಸ್ಕರಿರುವ ಮನೆಯಲ್ಲಿ ನೆಮ್ಮದಿಯಾಗಿರಬಹುದು. ಅಂಬೆಗಾಲಿಡುವ ಮಗುವಿರುವ ಮನೆಗೆ ಅದು ಸಲ್ಲದು. ಗಾಬರಿಯ ನಾಯಿಗೆ ಸಮಾಧಾನದ ಹಿರಿಯ ನಾಯಿಯಿರುವ ಮನೆ ಒಳ್ಳೆಯ ಪಾಠಶಾಲೆಯಾಗಬಹುದು. ಮನೆಯ ವಾತಾವರಣದಿಂದ ನಾಯಿಗೆ ಆಗುವ ಉಪಕಾರಕ್ಕೆ ಪ್ರಮಾಣವೂ ಇದೆ: ಅಮೆರಿಕದ ಐದು ಆಶ್ರಯಗಳ 207 ನಾಯಿಗಳನ್ನು ಒಂದೆರಡು ರಾತ್ರಿ ಮನೆಗಳಲ್ಲಿರಿಸಿ ನಡೆಸಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ರಾತ್ರಿಗಳಲ್ಲಿ ಕಾರ್ಟಿಸಾಲಿನ ಪ್ರಮಾಣವು ಇಳಿದುದೂ, ಆಶ್ರಯಕ್ಕೆ ಮರಳಿದಾಗ ಮತ್ತೆ ಮೊದಲಿನ ಮಟ್ಟಕ್ಕೆ ಬಂದುದೂ ಕಂಡುಬಂದಿತು. ಆದುದರಿಂದ ಪೋಷಕಗೃಹವೂ ವೀಕ್ಷಣೆಯ ಮುಂದುವರಿದ ಭಾಗವೇ. ಅಲ್ಲಿಯ ಟಿಪ್ಪಣಿಗಳು ಆಶ್ರಯದ ಟಿಪ್ಪಣಿಗಳಿಗಿಂತ ಹೆಚ್ಚು ಬೆಲೆಯುಳ್ಳವು.

ಇನ್ನೊಂದು ಕಠಿಣ ಸತ್ಯವನ್ನು ಮರೆಮಾಚಬಾರದು. ಮನುಷ್ಯರ ಸ್ಪರ್ಶವನ್ನರಿಯದೆ ಬೀದಿಯಲ್ಲಿ ಬೆಳೆದ ವಯಸ್ಕ ನಾಯಿಗೆ ನಾಲ್ಕು ಗೋಡೆಗಳ ಮನೆಯು ಸೆರೆಮನೆಯಾಗಬಹುದು. 2001ರ ನಿಯಮಗಳೂ ಅವುಗಳ ಸ್ಥಾನದಲ್ಲಿ ಬಂದ 2023ರ ಪ್ರಾಣಿಗಳ ಜನನ ನಿಯಂತ್ರಣ ನಿಯಮಗಳೂ ಬೀದಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿ, ರೇಬೀಸ್ ಲಸಿಕೆಯನ್ನು ಹಾಕಿ, ಹಿಡಿದ ಸ್ಥಳದಲ್ಲಿಯೇ ಬಿಡುವ ಕ್ರಮವನ್ನು ವಿಧಿಸಿದುವು. 2025ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ವಿದ್ಯಾಸಂಸ್ಥೆ, ಆಸ್ಪತ್ರೆ, ಬಸ್ಸುನಿಲ್ದಾಣ, ರೈಲುನಿಲ್ದಾಣ ಮೊದಲಾದ ಆವರಣಗಳ ನಾಯಿಗಳನ್ನು ಆಶ್ರಯಗಳಿಗೆ ಸಾಗಿಸಬೇಕೆಂದೂ ಅದೇ ಸ್ಥಳದಲ್ಲಿ ಮತ್ತೆ ಬಿಡಕೂಡದೆಂದೂ ಆಜ್ಞಾಪಿಸಿತು. ಕಾಲೇಜಿನ ಅಂಗಳವೇ ಚರ್ಚೆಯ ನಡುವೆ ಬಂದುದರಿಂದ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಪ್ರಶ್ನೆಗೆ ಹೊರಗಿನವರಲ್ಲ. ಯಾವ ನಾಯಿಯು ಮನೆಗೆ ಒಗ್ಗೀತು, ಯಾವುದು ಒಗ್ಗಲಾರದು ಎಂಬುದನ್ನು ತಾಳ್ಮೆಯಿಂದ ವಿಂಗಡಿಸದೆ ನಾಯಿಗಳನ್ನು ಸಾಗಿಸಿದರೆ, ಪಳಗಿದ ನಾಯಿಗೆ ಮನೆ ತಪ್ಪುತ್ತದೆ, ಪಳಗದ ನಾಯಿಯನ್ನು ಹೊತ್ತ ಮನೆಗೆ ನೆಮ್ಮದಿ ತಪ್ಪುತ್ತದೆ.

ನಾಯಿಯನ್ನು ಒಪ್ಪಿಸುವಾಗ ಪೋಷಕನ ಕೈಗೆ ಬರಹದಲ್ಲಿ ಕೊಡಬೇಕಾದವು ಇವು: ಹಾಕಿದ ಲಸಿಕೆಗಳು ಮತ್ತು ದಿನಾಂಕಗಳು, ನಡೆದ ಮತ್ತು ನಡೆಯಬೇಕಾದ ಚಿಕಿತ್ಸೆ, ಊಟದ ಪ್ರಮಾಣ, ಮೂರು ಬಾರಿಯ ವೀಕ್ಷಣೆಯ ಟಿಪ್ಪಣಿ, ಕಚ್ಚಿದ ಪ್ರಸಂಗವೇನಾದರೂ ಇದ್ದರೆ ಅದರ ಪೂರ್ಣ ವಿವರ, ಇದುವರೆಗೆ ನೋಡಲು ಅವಕಾಶವಾಗದ ಸಂದರ್ಭಗಳ ಪಟ್ಟಿ, ತುರ್ತಿನಲ್ಲಿ ಕರೆಯಬೇಕಾದ ವೈದ್ಯರ ವಿಳಾಸ. ಕೊನೆಯಿಂದ ಎರಡನೆಯದನ್ನು ಬಹುಮಂದಿ ಬಿಟ್ಟುಬಿಡುತ್ತಾರೆ. ‘ಮಕ್ಕಳೊಡನೆ ನೋಡಿಲ್ಲ’ ಎಂಬ ಎಂಟಕ್ಷರದ ಎಚ್ಚರಿಕೆಯು ‘ಮಕ್ಕಳಿಗೆ ಒಳ್ಳೆಯದು’ ಎಂಬ ಉದಾರ ಪ್ರಶಂಸೆಗಿಂತ ಮಗುವಿಗೂ ನಾಯಿಗೂ ಹೆಚ್ಚು ಹಿತವನ್ನು ಮಾಡುತ್ತದೆ. ಮಾತು ಬಾರದ ಪ್ರಾಣಿಯ ಪರವಾಗಿ ಸಾಕ್ಷಿ ನುಡಿಯುವವನು ಕಂಡದ್ದನ್ನು ಕಂಡಂತೆ, ಕಾಣದ್ದನ್ನು ಕಾಣೆನೆಂದು ಹೇಳಿದರೆ ತನ್ನ ಕರ್ತವ್ಯವನ್ನು ನೆರವೇರಿಸಿದಂತಾಯಿತು.